ಮ್ಯಾಕ್ ಲಿಸ್ಟ್ ನಂಬಿ ಕೂರಬೇಡಿ

ಕುಂಬಳೆ, ಬದಿಯಡ್ಕ, ಕಾಸರಗೋಡು ಈ ಕಡೆಯ ಆಫೀಸು, ಶಾಲೆ, ಕ್ಲಿನಿಕ್‌ಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಹೆಚ್ಚಿನ ಕಡೆ ವೈಫೈ ಪಾಸ್‌ವರ್ಡ್ ಊರಿಗೆಲ್ಲ ಗೊತ್ತಿರುತ್ತದೆ. ಒಬ್ಬರ ಫೋನಿನ ಕ್ಯೂಆರ್ ಕೋಡನ್ನು ಇನ್ನೊಬ್ಬರು ಸ್ಕ್ಯಾನ್ ಮಾಡಿದರೆ ಮುಗೀತು, ಅಲ್ವಾ?

ಆಗ ಬರುವ ಮಾತು ಒಂದೇ. "ಮ್ಯಾಕ್ ಅಡ್ರೆಸ್ ಹಾಕಿ ಲಾಕ್ ಮಾಡಿ ಅಣ್ಣ." ಮ್ಯಾಕ್ ಅಂದರೆ ಪ್ರತಿ ಫೋನು, ಕಂಪ್ಯೂಟರಿನ ನೆಟ್‌ವರ್ಕ್ ಗುರುತಿನ ನಂಬರು; ಪಟ್ಟಿಯಲ್ಲಿರುವ ನಂಬರಿಗಷ್ಟೇ ವೈಫೈ ಕೊಡಿ ಅನ್ನುವುದು ಅವರ ಲೆಕ್ಕ. ನಾನು ರೂಟರಿನ ಡಿಎಚ್‌ಸಿಪಿ ಪಟ್ಟಿ, ಅಂದರೆ ಯಾವ ಫೋನಿಗೆ ಯಾವ ಐಪಿ (ನೆಟ್‌ವರ್ಕ್ ವಿಳಾಸ) ಕೊಟ್ಟಿದೆ ಎಂಬ ಪಟ್ಟಿ, ತೆರೆದು ತೋರಿಸುತ್ತೇನೆ. ಮ್ಯಾಕ್‌ನ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಸಾಮಾನ್ಯವಾಗಿ ಫೋನು ತಾನೇ ಹುಟ್ಟಿಸಿಕೊಂಡ ನಂಬರು, ಕಂಪನಿ ಕೊಟ್ಟದ್ದಲ್ಲ. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದ ಮೇಲೆ ಫೋನುಗಳು ಒಂದೊಂದು ವೈಫೈಗೆ ಒಂದೊಂದು ಮ್ಯಾಕ್ ತೋರಿಸುತ್ತವೆ. ಪಟ್ಟಿಯ ಅರ್ಧಕ್ಕಿಂತ ಜಾಸ್ತಿ ಇಂಥದ್ದೇ, ಅದನ್ನು ನಂಬಿ ಲಾಕ್ ಮಾಡುವುದು ಹೇಗೆ? ಅದೂ ಅಲ್ಲದೆ ವೈಫೈ ಎನ್‌ಕ್ರಿಪ್ಟ್ ಆಗಿದ್ದರೂ ಮ್ಯಾಕ್ ಮಾತ್ರ ಗಾಳಿಯಲ್ಲಿ ಬಿಚ್ಚಿಯೇ ಹೋಗುತ್ತದೆ, ಬೇಕಾದವರು ಅದನ್ನು ನೋಡಿ ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬಹುದು.

ಸ್ವಲ್ಪ ದೊಡ್ಡ ಆಫೀಸಾದರೆ ನಾನು ಹೇಳುವುದು 802.1ಎಕ್ಸ್, ಅಂದರೆ ನೆಟ್‌ವರ್ಕಿಗೆ ಸೇರಿಸುವ ಮೊದಲೇ ಯಾರೆಂದು ಕೇಳುವ ಪದ್ಧತಿ. ಪ್ರತಿಯೊಬ್ಬರಿಗೂ ಬೇರೆ ಲಾಗಿನ್, ಇಲ್ಲವೇ ಪ್ರತಿ ಲ್ಯಾಪ್‌ಟಾಪಿಗೆ ಒಂದು ಸರ್ಟಿಫಿಕೇಟ್ (ಡಿಜಿಟಲ್ ಗುರುತಿನ ಚೀಟಿ). ಹಿಂದೆ ಅದನ್ನು ಪರೀಕ್ಷಿಸಿ ಒಳಗೆ ಬಿಡಲು ಒಂದು ರೇಡಿಯಸ್ ಸರ್ವರ್ ಬೇಕು, ಫ್ರೀರೇಡಿಯಸ್ ಪುಕ್ಕಟೆ ಸಿಗುತ್ತದೆ. ಯಾರಾದರೂ ಕೆಲಸ ಬಿಟ್ಟರೆ ಅವರದೊಂದನ್ನು ತೆಗೆದರೆ ಸಾಕು, ಉಳಿದವರ ಫೋನು ಮುಟ್ಟಬೇಕಾಗಿಲ್ಲ. ತಲೆನೋವು ಪ್ರಿಂಟರ್, ಕ್ಯಾಮೆರಾ, ಬೆರಳಚ್ಚಿನ ಹಾಜರಿ ಮೆಷಿನ್. ಹಳೆಯವುಗಳಲ್ಲಿ ಹೆಚ್ಚಿನವಕ್ಕೆ ಲಾಗಿನ್ ಕೊಡಲು ಬರುವುದೇ ಇಲ್ಲ. ಅವುಗಳನ್ನು ಬೇರೆ ವಿಎಲ್‌ಎಎನ್‌ಗೆ (ಉಳಿದದ್ದರಿಂದ ಬೇರ್ಪಡಿಸಿದ ನೆಟ್‌ವರ್ಕ್ ಭಾಗಕ್ಕೆ) ತಳ್ಳಿ, ಬೇಕಾದ ಸರ್ವರಿಗಷ್ಟೇ ದಾರಿ ಬಿಡುತ್ತೇನೆ. ಮ್ಯಾಕ್ ಲಿಸ್ಟ್ ಅಲ್ಲಿಗೆ ಮಾತ್ರ.

ವೈಫೈ ಬಗ್ಗೆ ಇಷ್ಟೆಲ್ಲ ತಲೆ ಕೆಡಿಸಿಕೊಂಡವರು ಗೋಡೆಯ ಲ್ಯಾನ್ ಸಾಕೆಟ್ ಮರೆತುಬಿಡುತ್ತಾರೆ. ಒಂದು ಕಡೆ ಯಾರೋ ಮನೆಯ ಹಳೆ ರೂಟರ್ ತಂದು ಮೀಟಿಂಗ್ ರೂಮಿನ ಸಾಕೆಟಿಗೆ ಚುಚ್ಚಿದ್ದರು, ಅದೂ ರೂಟರಿನ ಲ್ಯಾನ್ ಪೋರ್ಟಿಗೆ. ಅದು ಸುಮ್ನೆ ಇರಲಿಲ್ಲ, ಎಲ್ಲರಿಗೂ ತಾನೇ ಐಪಿ ಹಂಚತೊಡಗಿತು, ಬಿಲ್ಲಿಂಗ್ ಕಂಪ್ಯೂಟರುಗಳಿಗೆ ಸರ್ವರೇ ಕಾಣದೆ ಹೋಯಿತು. ಕೇಬಲ್‌ಗಳೆಲ್ಲ ಸೇರುವ ನೆಟ್‌ವರ್ಕ್ ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ (ಒಪ್ಪಿಗೆ ಇಲ್ಲದ ಪೋರ್ಟಿನಿಂದ ಐಪಿ ಹಂಚಲು ಬಿಡದ ಸೆಟ್ಟಿಂಗ್) ಹಾಕಿದ್ದರೆ ಅಲ್ಲೇ ತಡೆಯುತ್ತಿತ್ತು. ಬಳಸದ ಪೋರ್ಟ್ ಆಫ್ ಮಾಡುವುದೂ ಒಳ್ಳೆಯದೇ. ಆದರೆ ನಮ್ಮ ಕಡೆ ತುಲಾ ತಿಂಗಳ ಸಿಡಿಲಿಗೆ ಪೋರ್ಟ್ ಸುಟ್ಟರೆ ಆಫೀಸಿನವರು ಕೇಬಲ್ ಕಿತ್ತು ಪಕ್ಕದ್ದಕ್ಕೆ ಚುಚ್ಚುತ್ತಾರೆ, ಅದು ಆಫ್ ಇದ್ದರೆ ರಾತ್ರಿ ಒಂಬತ್ತಕ್ಕೂ ನನಗೆ ಫೋನು. ಅದಕ್ಕೇ ಒಂದೆರಡು ಪೋರ್ಟ್ ತೆರೆದಿಟ್ಟು, ಅದರ ಮೇಲೆ ಚೀಟಿ ಅಂಟಿಸಿ ಬರುತ್ತೇನೆ.

ನಾಲ್ಕೈದು ಕಂಪ್ಯೂಟರಿನ ಅಂಗಡಿಗೆ ರೇಡಿಯಸ್ ಎಲ್ಲ ಬೇಡ. ಗೆಸ್ಟ್ ವೈಫೈ ಬೇರೆ ಮಾಡಿ, ಅಲ್ಲಿಂದ ಒಳಗಿನ ಕಂಪ್ಯೂಟರ್ ಕಾಣದ ಹಾಗೆ ಮಾಡಿ. ಆಮೇಲೆ ಅದರ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿದರೂ ಬಿಲ್ಲಿಂಗ್‌ಗೆ ಏನೂ ಆಗುವುದಿಲ್ಲ.