ಮಳೆ ಪುಸ್ತಕದ ನಾಲ್ಕು ಗುರುತುಗಳು

1994ರ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್), ಮಳೆಯಿಂದ ಬಸ್ಸುಗಳು ತಪ್ಪಿ ದ್ವಿತೀಯ ಪಿ.ಯು.ಸಿ. ಕಲಾ ವಿಭಾಗದಲ್ಲಿ ಏಳೆಂಟು ಮಂದಿಯಷ್ಟೇ ಸೇರುತ್ತಿದ್ದ ದಿನಗಳಲ್ಲಿ, ನಮ್ಮ ತರ್ಕಶಾಸ್ತ್ರದ ಮೇಷ್ಟ್ರು ಪಾಠವನ್ನು ಮುಂದಕ್ಕೆ ಒಯ್ಯುತ್ತಿರಲಿಲ್ಲ. ಬಾರದವರಿಗೆ ಅನ್ಯಾಯವಾಗಬಾರದೆಂದು ಅವರು ಹೇಳುತ್ತಿದ್ದರಾದರೂ, ಪಠ್ಯದಲ್ಲಿಲ್ಲದ್ದನ್ನು ಹೇಳುವ ಆಸೆಯೇ ನಿಜವಾದ ಕಾರಣವಾಗಿತ್ತೆಂದು ನನಗೆ ಈಗಲೂ ಅನುಮಾನವಿದೆ. ಮಡಿಕೇರಿಯ ಅಂಥದೊಂದು ಮಧ್ಯಾಹ್ನ ನಾನು ಕೇಳಿದ ಪ್ರಶ್ನೆಗೆ ಅವರು ಮೂರು ತರಗತಿಗಳಷ್ಟು ಉತ್ತರ ಹೇಳಿದರು.

ನನ್ನ ತಂದೆ ಶನಿವಾರಸಂತೆಯ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು, ಆಗಿದ್ದರು. ತೋಟದಲ್ಲಿ ಮಳೆಮಾಪಕ ಒಂದೇ ಇದ್ದರೂ ಅದರ ಲೆಕ್ಕ ಬಂಗಲೆಯಲ್ಲೊಂದು, ಆಫೀಸಿನಲ್ಲೊಂದು ಪುಸ್ತಕಕ್ಕೆ ಏರುತ್ತಿತ್ತು. ಬೇಸಿಗೆ ರಜೆಯಲ್ಲಿ ಅವನ್ನು ನಕಲು ಮಾಡುವಾಗ, ಏಪ್ರಿಲ್ 3ರಂದು 80 ಸೆಂಟು (ಇಂಚಿನ ನೂರರಲ್ಲಿ ಎಂಬತ್ತು ಪಾಲು) ಮಳೆಯಾಯಿತೆಂದು ಬಂಗಲೆಯ ಪುಸ್ತಕದಲ್ಲಿಯೂ, ಮಳೆಯೇ ಇಲ್ಲವೆಂದು ಆಫೀಸಿನ ಪುಸ್ತಕದಲ್ಲಿಯೂ ಬರೆದಿರುವುದನ್ನು ನಾನು ಕಂಡೆ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದ ದಿನ ತಪ್ಪಿದರೆ, ಅದರ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆಗೆ ಕಾಯುವ ದಿನಗಳ ಲೆಕ್ಕವೂ ತಪ್ಪುತ್ತದೆ. ತಂದೆಯವರು ಮಾತ್ರ ‘ಬಂಗಲೆಯದ್ದೇ ಸರಿ ಅಂತ ಬರೆದುಬಿಡು ಮಗಳೇ’ ಎಂದಿದ್ದರು. ಇಂಥಲ್ಲಿ ತರ್ಕಶಾಸ್ತ್ರ ಏನು ಹೇಳುತ್ತದೆಂಬುದು ನನ್ನ ಪ್ರಶ್ನೆ.

‘ನಮ್ಮ ಪಠ್ಯದ ತರ್ಕ ಇಲ್ಲಿ ಹುಚ್ಚು ಹಿಡಿದಂತೆ ಆಡುತ್ತದಮ್ಮ’ ಎಂದ ಮೇಷ್ಟ್ರು ಸೀಮೆಸುಣ್ಣ ತೆಗೆದುಕೊಂಡರು. ‘ಅಂದು ಮಳೆ ಬಂತು’ ಎಂಬುದು ಸತ್ಯವಾದರೆ, ‘ಅಂದು ಮಳೆ ಬಂತು ಅಥವಾ ಹಾರಂಗಿ ಜಲಾಶಯದ ತುಂಬ ಕಾಫಿ ಇದೆ’ ಎಂಬುದೂ ಸತ್ಯ, ಏಕೆಂದರೆ ‘ಅಥವಾ’ದ ಒಂದು ಪಕ್ಕ ನಿಂತರೆ ಸಾಕು. ಆದರೆ ‘ಅಂದು ಮಳೆ ಬರಲಿಲ್ಲ’ ಎಂಬುದೂ ಕೈಯಲ್ಲಿದೆಯಲ್ಲ, ಅದರಿಂದ ಮೊದಲ ಪಕ್ಕವನ್ನು ಹೊಡೆದುಹಾಕಿದರೆ ಹಾರಂಗಿಯಲ್ಲಿ ಕಾಫಿಯೇ ಉಳಿಯುತ್ತದೆ. ಒಂದೇ ಒಂದು ವಿರೋಧದಿಂದ ಬೇಕಾದ ತೀರ್ಮಾನವನ್ನೆಲ್ಲ ಎಳೆಯಬಹುದಾದ ಈ ವಿಪರೀತವನ್ನು ಹಳೆಯ ತಾರ್ಕಿಕರೂ ಬಲ್ಲವರಾಗಿದ್ದರಂತೆ. ನಾವು ನಕ್ಕೆವು, ಆದರೆ ಯಾವ ಹೆಜ್ಜೆ ತಪ್ಪೆಂದು ತೋರಿಸಲು ಯಾರಿಗೂ ಆಗಲಿಲ್ಲ.

ಗೆಳತಿಯೊಬ್ಬಳು ‘ಅರ್ಧ ಸತ್ಯ’ ಎಂದು ಬರೆದರಾಗದೇ ಎಂದಳು. ಪೋಲೆಂಡಿನ ತಾರ್ಕಿಕ ಯಾನ್ ಲುಕಾಸಿಯೆವಿಚ್ 1920ರಲ್ಲಿ ಸತ್ಯ, ಅಸತ್ಯಗಳ ನಡುವೆ ಮೂರನೆಯ ಮೌಲ್ಯವೊಂದನ್ನು ಸೇರಿಸಿದ್ದನ್ನು ಮೇಷ್ಟ್ರು ಹೇಳಿದರು. ಆದರೆ ಅದು ಇನ್ನೂ ತೀರ್ಮಾನವಾಗದ ಭವಿಷ್ಯದ ಮಾತುಗಳಿಗಾಗಿ ಹುಟ್ಟಿದ್ದು. ನಮ್ಮ ಪುಸ್ತಕದ ತೊಡಕು ಬೇರೆ: ಯಾರೂ ಏನನ್ನೂ ಬರೆಯದೆ ಖಾಲಿ ಬಿಟ್ಟ ದಿನವೂ, ಎರಡು ಪುಸ್ತಕಗಳು ಜಗಳವಾಡುವ ದಿನವೂ ಒಂದೇ ಅಲ್ಲ, ಎರಡಕ್ಕೂ ‘ಅರ್ಧ’ ಎಂದು ಬರೆದರೆ ಇದ್ದ ಮಾಹಿತಿಯೂ ಹೋಗುತ್ತದೆ.

ಆಗ ಅವರು ಹಲಗೆಯ ಮೇಲೆ ಒಂದು ವಜ್ರಾಕೃತಿಯನ್ನು ಬರೆದು, ಮೇಲಿನ ತುದಿಯಲ್ಲಿ ‘ಸತ್ಯ’, ಕೆಳಗಿನ ತುದಿಯಲ್ಲಿ ‘ಅಸತ್ಯ’, ಪಕ್ಕದ ಎರಡು ತುದಿಗಳಲ್ಲಿ ‘ಎರಡೂ’, ‘ಯಾವುದೂ ಇಲ್ಲ’ ಎಂದು ಗುರುತಿಸಿದರು. ಹಲವರಿಂದ ಮಾಹಿತಿ ಪಡೆಯುವ ಗಣಕಯಂತ್ರವು, ಅವರಲ್ಲಿ ಇಬ್ಬರು ಎದುರುಬದುರು ಹೇಳಿದಾಗ ಹೇಗೆ ತರ್ಕಿಸಬೇಕೆಂದು ಅಮೆರಿಕದ ತಾರ್ಕಿಕ ನ್ಯೂಯೆಲ್ ಬೆಲ್ನಾಪ್ 1977ರಲ್ಲಿ, ಮೈಕೆಲ್ ಡನ್ ಅವರ ಕೆಲಸದ ಆಧಾರದಲ್ಲಿ, ಈ ನಾಲ್ಕು ಮೌಲ್ಯಗಳನ್ನು ವಿವರಿಸಿದ್ದರು. ಇಲ್ಲಿ ಗುರುತು ಹೇಳುವುದು ಆಕಾಶದಲ್ಲಿ ನಡೆದದ್ದನ್ನಲ್ಲ, ನಮ್ಮ ಕಿವಿಗೆ ಬಿದ್ದದ್ದನ್ನು. ಹೌದು ಎಂದವರಿದ್ದಾರೆಯೇ, ಇಲ್ಲ ಎಂದವರಿದ್ದಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಂಡರೆ ನಾಲ್ಕು ಗುರುತುಗಳು ತಾವಾಗಿ ಬರುತ್ತವೆ.

ನನ್ನನ್ನು ಬಹಳ ಕಾಡಿದ್ದು ಅವುಗಳನ್ನು ಕೂಡಿಸುವ ರೀತಿ. ‘ಅಂದು ಮಳೆ ಬಂತು’ ಎಂಬುದಕ್ಕೆ ‘ಎರಡೂ’, ‘ಅಂದು ಗೊಬ್ಬರ ಹಾಕಿದರು’ ಎಂಬುದಕ್ಕೆ ‘ಯಾವುದೂ ಇಲ್ಲ’ ಎಂದಿರಲಿ. ಮಳೆಯೂ ಬಂತು, ಗೊಬ್ಬರವನ್ನೂ ಹಾಕಿದರು ಎಂಬ ಜೋಡಿ ಮಾತಿಗೆ ಉತ್ತರ ಏನು? ಶುದ್ಧ ‘ಅಸತ್ಯ’! ಮೇಷ್ಟ್ರ ವಿವರಣೆ ಹೀಗಿತ್ತು: ‘ಮತ್ತು’ ಎಂಬುದನ್ನು ಅಲ್ಲಗಳೆಯಲು ಒಂದು ಪಕ್ಕವನ್ನು ಅಲ್ಲಗಳೆದರೆ ಸಾಕು, ಮಳೆಯನ್ನು ಆಫೀಸಿನ ಪುಸ್ತಕ ಅಲ್ಲಗಳೆದಿದೆ, ಜೋಡಿಯನ್ನು ಹೌದೆನ್ನಲು ಎರಡು ಪಕ್ಕವನ್ನೂ ಹೌದೆನ್ನಬೇಕು, ಗೊಬ್ಬರದ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಇದೇ ಕ್ರಮದಲ್ಲಿ ಹಾರಂಗಿಯ ಕಾಫಿಯನ್ನೂ ಪರೀಕ್ಷಿಸಿದೆವು. ಮಳೆಯ ಮಾತಿಗೆ ‘ಎರಡೂ’ ಎಂಬ ಗುರುತಿದ್ದಾಗ ಆಧಾರವಾಕ್ಯಗಳೆಲ್ಲ ಸತ್ಯದ ಪಾಲನ್ನು ಉಳಿಸಿಕೊಂಡರೂ ಕಾಫಿಯ ತೀರ್ಮಾನ ಅಸತ್ಯವಾಗಿಯೇ ನಿಂತಿತು. ಒಂದು ಪಕ್ಕವನ್ನು ಹೊಡೆದುಹಾಕುವ ಹೆಜ್ಜೆಯೇ ಮುರಿದಿತ್ತು. ಅದು ನಾವು ದಿನನಿತ್ಯ ಬಳಸುವ ಹೆಜ್ಜೆಯಾದ್ದರಿಂದ ಈ ತರ್ಕಕ್ಕೆ ತೆರುವ ಬೆಲೆ ಸಣ್ಣದಲ್ಲವೆಂದು ಮೇಷ್ಟ್ರೇ ಒಪ್ಪಿಕೊಂಡರು. ಆ ಬೆಲೆ ಹೆಚ್ಚಾಯಿತೆಂದೇ ನನಗೆ ಬಹಳ ವರ್ಷ ಅನ್ನಿಸಿತ್ತು.

ನಮ್ಮೂರಿನ ಪಕ್ಕದ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ ಬಸದಿಗಳಿರುವುದರಿಂದ, ಒಂದೇ ವಿಷಯವನ್ನು ‘ಸ್ಯಾತ್’ ಸೇರಿಸಿ ಉಂಟು, ಇಲ್ಲ ಮುಂತಾಗಿ ಏಳು ಬಗೆಯಲ್ಲಿ ಹೇಳುವ ಜೈನರ ಸಪ್ತಭಂಗಿಯೂ ಇದೇ ಅಲ್ಲವೇ ಎಂದು ನಾನು ಹುರುಪಿನಿಂದ ಕೇಳಿದ್ದೆ. ಅವರು ಒಪ್ಪಲಿಲ್ಲ. ‘ಸ್ಯಾತ್’ ಎಂದರೆ ಒಂದು ದೃಷ್ಟಿಯಿಂದ ಎಂದರ್ಥ. ದೃಷ್ಟಿ ಬೇರೆಯಾದಾಗ ಉಂಟು, ಇಲ್ಲ ಎಂಬವು ಪರಸ್ಪರ ವಿರೋಧಿಸುವುದೇ ಇಲ್ಲ, ಹೋಲಿಕೆಗೆ ಅವಸರ ಬೇಡ ಎಂದರು.

ಮುಂದಿನ ರಜೆಯಲ್ಲಿ, ಅವರು ಹೇಳಿದಂತೆ ಯಾವ ಸಾಲನ್ನೂ ಹೊಡೆಯದೆ, ಎರಡು ಪುಸ್ತಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ನಾಲ್ಕು ಗುರುತುಗಳನ್ನು ಹಾಕುತ್ತ ಹೋದೆ. ‘ಎರಡೂ’ ಎಂಬ ಗುರುತು ಹೆಚ್ಚಾಗಿ ಜೋಡಿ ದಿನಗಳಲ್ಲೇ ಬೀಳುತ್ತಿತ್ತು: 3ರಂದು ಬಿದ್ದರೆ 4ರಂದೂ. ಮಾಪಕವನ್ನು ಅಳೆಯುತ್ತಿದ್ದುದು ಬೆಳಿಗ್ಗೆ ಎಂಟಕ್ಕೆ. ಹಿಂದಿನ ಮಧ್ಯಾಹ್ನ ಸುರಿದ ಮಳೆಯನ್ನು ಬಂಗಲೆಯವರು ಸುರಿದ ದಿನಕ್ಕೆ ಬರೆದರೆ, ನನ್ನ ತಂದೆ ಅಳೆದ ದಿನಕ್ಕೆ ಬರೆಯುತ್ತಿದ್ದರು. ಇದನ್ನು ಹೇಳಿದಾಗ ಮೇಷ್ಟ್ರು ‘ಹಾಗಾದರೆ ಅದು ನಿನ್ನ ಸಪ್ತಭಂಗಿಯೇ ಆಯಿತಲ್ಲಮ್ಮ’ ಎಂದು ನಕ್ಕರು. ಆದರೆ ಜೋಡಿಯಿಲ್ಲದ ಐದು ದಿನಗಳು ಹಾಗೆಯೇ ಉಳಿದವು. ತಂದೆಯವರ ಪುಸ್ತಕದಲ್ಲಿ ಅವುಗಳ ಮುಂದೆ ಇಂದಿಗೂ ನನ್ನ ಕೈಬರಹದಲ್ಲಿ ‘ಎರಡೂ’ ಎಂದಿದೆ.