ಶರತ್ಕಾಲದ ರಸ್ತೆ ಅಗೆತ ಮತ್ತು ಬ್ಯಾಕ್‌ಹೋ ಲೋಡರ್

ಚಳಿಗಾಲದಲ್ಲಿ ನೆಲವೇ ಹೆಪ್ಪುಗಟ್ಟುವ ಪ್ರದೇಶಗಳಲ್ಲಿ ನೀರಿನ ಕೊಳವೆ, ಒಳಚರಂಡಿ, ಕೇಬಲ್ ಮತ್ತು ರಸ್ತೆ ದುರಸ್ತಿಯ ಕೆಲಸಗಳೆಲ್ಲ ಶರತ್ಕಾಲದ ಕೆಲವೇ ವಾರಗಳಲ್ಲಿ ಒಟ್ಟಿಗೆ ಬಂದು ಬೀಳುತ್ತವೆ. ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಹಗಲು ದಿನದಿಂದ ದಿನಕ್ಕೆ ಕಿರಿದಾಗುತ್ತದೆ, ರಾತ್ರಿಯ ತಾಪಮಾನ ಶೂನ್ಯದ ಹತ್ತಿರಕ್ಕೆ ಇಳಿಯುತ್ತದೆ. ಇಂಥ ಸಮಯದಲ್ಲಿ ಬೆಳಿಗ್ಗೆ ತೋಡಿದ ಗುಂಡಿಯನ್ನು ಸಂಜೆಯೊಳಗೆ ಮುಚ್ಚಿ, ದಮ್ಮಸು ಮಾಡಿ, ರಸ್ತೆಯನ್ನು ಸಂಚಾರಕ್ಕೆ ಬಿಟ್ಟುಕೊಡುವುದೇ ಮುಖ್ಯವೆಂದು ನಾನು ಬಲವಾಗಿ ನಂಬಿದ್ದೇನೆ. ಆ ಕಾರಣಕ್ಕಾಗಿಯೇ ಚಿಕ್ಕ ಮತ್ತು ಮಧ್ಯಮ ಪ್ರಮಾಣದ ಕೆಲಸಗಳಿಗೆ, ಹಿಂದೆ ಅಗೆಯುವ ತೋಳು ಮತ್ತು ಮುಂದೆ ಅಗಲವಾದ ಬಕೆಟ್ ಇರುವ ಬ್ಯಾಕ್‌ಹೋ ಲೋಡರ್ ಅನ್ನೇ ಆರಿಸಿಕೊಳ್ಳಬೇಕೆಂದು ಹೇಳುತ್ತೇನೆ.

ಆಳ ಅಗೆಯುವುದರಲ್ಲಿ ಇದು ದೊಡ್ಡ ಎಕ್ಸ್‌ಕವೇಟರ್‌ಗೆ ಸಮನಲ್ಲ. ಸಾಮಾನ್ಯ ಗಾತ್ರದ ಯಂತ್ರ ಸುಮಾರು 4ರಿಂದ 4.5 ಮೀಟರ್ ಆಳದವರೆಗೆ ತೋಡುತ್ತದೆ, ತೂಕ 7ರಿಂದ 9 ಟನ್ ಇರುತ್ತದೆ. ಆದರೆ ರಬ್ಬರ್ ಟೈರಿನ ಮೇಲೆ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ತಾನೇ ಓಡಿಕೊಂಡು ಹೋಗಬಲ್ಲುದರಿಂದ ಅದನ್ನು ಟ್ರೇಲರ್ ಮೇಲೆ ಹೇರಿ ಇಳಿಸುವ ಸಮಯ ಉಳಿಯುತ್ತದೆ. ಹಿಂದಿನ ಬಕೆಟ್ ತೋಡಿದ ಗುಂಡಿಗೆ ಮುಂದಿನ ಬಕೆಟ್ ಜಲ್ಲಿ ತಂದು ಸುರಿಯುತ್ತದೆ. ಬ್ರಿಟನ್ನಿನಲ್ಲಿ ಜೆಸಿಬಿ 1953ರಲ್ಲಿ, ಅಮೆರಿಕದಲ್ಲಿ ಕೇಸ್ ಕಂಪನಿ 1957ರಲ್ಲಿ ಈ ಬಗೆಯ ಯಂತ್ರಗಳನ್ನು ಹೊರತಂದ ಮೇಲೆ ವಿನ್ಯಾಸದಲ್ಲಿ ಎಷ್ಟೇ ಸುಧಾರಣೆಯಾಗಿದ್ದರೂ ಎರಡು ಕೆಲಸ ಒಂದೇ ಯಂತ್ರದಲ್ಲಿ ಎಂಬ ಮೂಲ ಅನುಕೂಲ ಹಾಗೆಯೇ ಉಳಿದಿದೆ.

ಕಂದಕವನ್ನು ರಾತ್ರಿಯಿಡೀ ತೆರೆದಿಟ್ಟರೆ ಆಗುವ ಹಾನಿ ಮರುದಿನ ಬೆಳಿಗ್ಗೆ ಪೂರ್ತಿ ಕಣ್ಣಿಗೆ ಬೀಳುವುದಿಲ್ಲ. ತಳದಲ್ಲಿ ನಿಂತ ನೀರು ಕೊಳವೆಯ ಕೆಳಗಿನ ಹಾಸನ್ನು ಮೆತ್ತಗಾಗಿಸುತ್ತದೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು 9 ಶೇಕಡಾ ಹಿಗ್ಗುವುದರಿಂದ ಬದಿಯ ಮಣ್ಣು ಸಡಿಲಗೊಳ್ಳುತ್ತದೆ. ಇದಕ್ಕಿಂತ ಕೆಟ್ಟದ್ದು ಹೊರಗೆ ರಾಶಿ ಹಾಕಿದ ಮಣ್ಣಿನ ಸ್ಥಿತಿ: ಮೇಲ್ಪದರ ಗಟ್ಟಿಯಾಗಿ ಕಲ್ಲಿನಂಥ ಹೆಂಟೆಗಳಾಗುತ್ತದೆ, ಅವನ್ನೇ ಗುಂಡಿಗೆ ತಳ್ಳಿದರೆ ನಡುವೆ ಟೊಳ್ಳು ಉಳಿಯುತ್ತದೆ. ಹೆಂಟೆಗಳು ಗಟ್ಟಿಯಾಗಿರುವಷ್ಟು ದಿನ ರಸ್ತೆ ಸಮತಟ್ಟಾಗಿಯೇ ಕಾಣುತ್ತದೆ. ವಸಂತದಲ್ಲಿ ಅವು ಕರಗಿದ ಮೇಲೆ ಕಂದಕ ಹಾದುಹೋದ ಉದ್ದಕ್ಕೂ ಡಾಂಬರು ಕುಸಿಯುತ್ತದೆ. ಆದ್ದರಿಂದ ಆ ದಿನ ಎಷ್ಟು ಉದ್ದದ ಕೊಳವೆ ಹಾಕಿ ಮುಚ್ಚಲು ಸಾಧ್ಯವೋ ಅಷ್ಟನ್ನೇ ತೋಡಬೇಕು. ಅಗೆದ ಮಣ್ಣು ತೀರಾ ಒದ್ದೆಯಾಗಿದ್ದರೆ ಅದನ್ನು ಸಾಗಿಸಿಬಿಟ್ಟು ಜಲ್ಲಿ ತುಂಬುವುದು ಖರ್ಚಿನ ಬಾಬತ್ತಾದರೂ, ಅದೇ ರಸ್ತೆಯನ್ನು ಮತ್ತೊಮ್ಮೆ ಅಗೆಯುವುದಕ್ಕೆ ಹೋಲಿಸಿದರೆ ಅಗ್ಗ. ತುಂಬುವಾಗಲೂ ಒಂದೇ ಬಾರಿಗೆ ಸುರಿಯದೆ 15ರಿಂದ 20 ಸೆಂಟಿಮೀಟರ್ ದಪ್ಪದ ಪದರಗಳಲ್ಲಿ ಹಾಕಿ ಪ್ರತಿ ಪದರವನ್ನೂ ದಮ್ಮಸು ಮಾಡಬೇಕು. ಬಕೆಟ್ಟಿನ ಬೆನ್ನಿನಿಂದ ಮೇಲಿಂದ ಮೇಲೆ ಕುಟ್ಟುವುದು ದಮ್ಮಸು ಅಲ್ಲ, ಅದರಿಂದ ಕೊಳವೆಗೂ ಯಂತ್ರಕ್ಕೂ ಪೆಟ್ಟು.

ಒದ್ದೆ ಮಣ್ಣಿನಲ್ಲಿ ಗೋಡೆ ಕುಸಿಯುವ ಅಪಾಯದ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಮಟ್ಟ ಹೂತುಹೋದವನಿಗೆ ಉಸಿರಾಡುವುದೇ ಕಷ್ಟವಾಗುತ್ತದೆ. ಗಟ್ಟಿ ಬಂಡೆಯಲ್ಲಿ ಕೊರೆದ ಕಂದಕವೊಂದನ್ನು ಬಿಟ್ಟರೆ, ಸುಮಾರು 1.5 ಮೀಟರ್ ಅಥವಾ ಅದಕ್ಕೂ ಆಳದ ಕಂದಕಕ್ಕೆ ಬದಿಗಳಿಗೆ ಇಳಿಜಾರು, ಗೋಡೆಗೆ ಆಸರೆಯ ಊರೆ ಅಥವಾ ಒಳಗಿರುವವರನ್ನು ಕಾಯುವ ರಕ್ಷಣಾ ಪೆಟ್ಟಿಗೆ ಇರಲೇಬೇಕೆಂದೂ, ಅಗೆದ ಮಣ್ಣು ಅಂಚಿನಿಂದ ಕನಿಷ್ಠ 60 ಸೆಂಟಿಮೀಟರ್ ದೂರವಿರಬೇಕೆಂದೂ ಅಮೆರಿಕದಲ್ಲಿ ಕೆಲಸದ ಸ್ಥಳದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಓಶಾದ ನಿಯಮಗಳು ಹೇಳುತ್ತವೆ. ಮಳೆ ಬಂದ ಮೇಲೆ ಕಂದಕವನ್ನು ಮತ್ತೆ ಪರೀಕ್ಷಿಸದೆ ಯಾರನ್ನೂ ಇಳಿಸಬಾರದು. ಅಂಚಿನಿಂದ ಒಂದೆರಡು ಅಡಿ ಈಚೆ, ಕಂದಕಕ್ಕೆ ಸಮಾನಾಂತರವಾಗಿ, ಕೂದಲೆಳೆಯಷ್ಟು ಬಿರುಕು ಕಂಡರೂ ಒಳಗಿರುವವರನ್ನು ಆ ಕ್ಷಣವೇ ಮೇಲಕ್ಕೆ ಕರೆಯಬೇಕು. ಅಗೆಯುವಾಗ ಯಂತ್ರ ಅಲುಗದಂತೆ ಹಿಡಿಯುವ ಸ್ಟೆಬಿಲೈಸರ್ ಕಾಲುಗಳೂ ಇದೇ ನೆಲದ ಮೇಲೆ ನಿಂತಿರುತ್ತವೆ. ಮಣ್ಣಿನ ರಸ್ತೆಯಂಚಿನಲ್ಲಿ ಒಂದು ಕಾಲು ನಿಧಾನವಾಗಿ ಹೂಳುತ್ತಿದ್ದರೆ ಆಪರೇಟರ್‌ಗೆ ಮೊದಲು ತಿಳಿಯುವುದು ಕ್ಯಾಬಿನ್ನಿನ ಸಣ್ಣ ವಾಲುವಿಕೆಯಿಂದ. ಕಾಲಿನ ಕೆಳಗೆ ದಪ್ಪ ಮರದ ಹಲಗೆ ಅಥವಾ ಅಗಲವಾದ ಪ್ಯಾಡ್ ಇಟ್ಟರೆ ಭಾರ ಹರಡಿಕೊಳ್ಳುತ್ತದೆ.

ಭೂಗತ ಕೊಳವೆ ಮತ್ತು ಕೇಬಲ್‌ಗಳ ಜಾಗ ತೋರಿಸಲು ನೆಲದ ಮೇಲೆ ಹಾಕಿದ ಗುರುತಿನ ಬಣ್ಣ, ಉದುರಿದ ಎಲೆಗಳ ಅಡಿಯಲ್ಲಿ ಮುಚ್ಚಿಹೋಗುವುದು ಈ ಋತುವಿಗೇ ವಿಶೇಷವಾದ ತೊಂದರೆ. ಎಲೆ ಗುಡಿಸಿ, ಮಳೆಗೆ ಅಳಿಸಿದ ಗೆರೆಗಳನ್ನು ಮತ್ತೆ ಹಾಕಿಸಿ, ಆಮೇಲೆ ಬೂಮ್ (ಅಗೆಯುವ ತೋಳು) ಇಳಿಸಬೇಕು. ಗುರುತಿನ ಸಮೀಪಕ್ಕೆ ಬಂದ ಮೇಲೆ ಹಲ್ಲಿನ ಬಕೆಟ್ ನಿಲ್ಲಿಸಿ ಕೈಗುದ್ದಲಿ ಹಿಡಿಯುವುದೇ ಸರಿ.

ಮೋರಿ ಮತ್ತು ರಸ್ತೆ ಬದಿಯ ಚರಂಡಿಗಳ ಹೂಳನ್ನು ಹಲ್ಲಿಲ್ಲದ ಅಗಲ ಬಕೆಟ್ಟಿನಿಂದ ತೆಗೆಯುವ ಕೆಲಸವನ್ನು ಎಲೆಯೆಲ್ಲ ಉದುರಿದ ಮೇಲೆ, ಆದರೆ ನೆಲ ಹೆಪ್ಪುಗಟ್ಟುವ ಮುನ್ನ, ಇಟ್ಟುಕೊಳ್ಳುವುದು ಒಳ್ಳೆಯದು. ಬೇಗ ಮಾಡಿದರೆ ಮತ್ತೆ ಎಲೆ ತುಂಬಿಕೊಳ್ಳುತ್ತದೆ.

ಕೊನೆಯ ಪದರವಾದ ಡಾಂಬರಿಗೆ ಬಂದರೆ, ತೆಳುವಾಗಿ ಹಾಸಿದ ಬಿಸಿ ಮಿಶ್ರಣ ತಣ್ಣನೆಯ ನೆಲದ ಮೇಲೆ ನಿಮಿಷಗಳಲ್ಲೇ ಆರುತ್ತದೆ, ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ಮೇಲೆ ರೋಲರ್ ಎಷ್ಟು ಓಡಿಸಿದರೂ ಅದು ಅಷ್ಟಾಗಿ ಅಡಕವಾಗುವುದಿಲ್ಲ. ಆದ್ದರಿಂದ ರೋಲರ್ ಸಿದ್ಧವಾಗಿ ನಿಂತಿರುವಾಗಷ್ಟೇ ಮಿಶ್ರಣ ಇಳಿಸಬೇಕು. ತಣ್ಣಗಿನ ದಿನಗಳಲ್ಲಿ ಅದು ಸಾಧ್ಯವಾಗದಿದ್ದರೆ ಬಿಸಿ ಮಾಡದೆ ಬಳಸುವ ಡಾಂಬರು ಮಿಶ್ರಣವಾದ ಕೋಲ್ಡ್ ಮಿಕ್ಸ್ ಅನ್ನು ತಾತ್ಕಾಲಿಕವಾಗಿ ತುಂಬಿ, ಆ ಜಾಗವನ್ನು ಕಡತದಲ್ಲಿ ಬರೆದಿಟ್ಟು, ನೆಲ ಬೆಚ್ಚಗಾದ ಮೇಲೆ ಅದನ್ನು ಕಿತ್ತು ಶಾಶ್ವತ ಪದರ ಹಾಕುವ ದಿನವನ್ನು ಅಂದೇ ಗೊತ್ತುಮಾಡಬೇಕು.