‘ಹೊತ್ತು ಹೇಗೆ ಕಳೆಯುತ್ತೀರಿ?’ ಎಂದು ಕೇಳುವವರಿಗೆ

ಮದುವೆ ಮನೆಯ ಪಂಕ್ತಿಯಲ್ಲಿ, ಸೋಮವಾರಪೇಟೆಯ ಸಂತೆಯಲ್ಲಿ, ಬ್ಯಾಂಕಿನ ಸರದಿಯಲ್ಲಿ, ಮೈಸೂರಿನಿಂದ ಬರುವ ಫೋನಿನಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: “ಆ ತೋಟದ ಮನೆಯಲ್ಲಿ ನೀವಿಬ್ಬರೇ ಹೊತ್ತು ಹೇಗೆ ಕಳೆಯುತ್ತೀರಿ?” ಇಬ್ಬರೆಂದರೆ ನಾನು ಮತ್ತು ನನ್ನ ಅತ್ತೆ. ಮನೆ ಇರುವುದು ಶಾಂತಳ್ಳಿ ಕಡೆಯ ಒಂದು ಇಳಿಜಾರಿನಲ್ಲಿ. ಮೂರು ಎಕರೆ ಕಾಫಿ, ಅದರ ಕೆಳಗೆ ಈಗ ನಾಟಿ ನಿಂತುಹೋಗಿರುವ ಗದ್ದೆ, ಗದ್ದೆಯ ಅಂಚಿಗೆ ಒಂದು ತೋಡು, ಅಂದರೆ ಸಣ್ಣ ಹಳ್ಳ. ಮಕ್ಕಳು ಊರು ಬಿಟ್ಟ ಈ ಹನ್ನೊಂದು ವರ್ಷಗಳಲ್ಲಿ ಈ ಪ್ರಶ್ನೆಗೆ ನಗುತ್ತಲೇ ಉತ್ತರ ಕೊಟ್ಟಿದ್ದೇನೆ. ಇನ್ನು ಬಾಯಲ್ಲಿ ಹೇಳುವುದಿಲ್ಲ. ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ, ಓದಿಕೊಳ್ಳಲಿ.

ನಾವು ಹೊತ್ತು ಕಳೆಯುವುದಿಲ್ಲ. ನಮ್ಮ ಮಾತಿನಲ್ಲಿ ಹೊತ್ತು ಎಂದರೆ ಸೂರ್ಯ. ಹೊತ್ತು ಹುಟ್ಟುತ್ತದೆ, ನೆತ್ತಿಗೆ ಬರುತ್ತದೆ, ಮುಳುಗುತ್ತದೆ. ಅದನ್ನು ಗದ್ದೆಯ ಕಳೆಯಂತೆ ಕಿತ್ತು ಬದುವಿಗೆ ಎಸೆಯಬೇಕಾದ ವಸ್ತು ಎಂದುಕೊಂಡು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಅದಕ್ಕಿಂತಲೂ ನನ್ನನ್ನು ಹೆಚ್ಚು ಚುಚ್ಚುವುದು ಪ್ರಶ್ನೆಯ ಬಾಲದಲ್ಲಿ ಸೇರಿಕೊಂಡು ಬರುವ ‘ಬರೀ’ ಎಂಬ ಎರಡಕ್ಷರ. “ಬರೀ ಹಕ್ಕಿ ನೋಡಿಕೊಂಡು ಕೂತಿರುತ್ತೀರಂತೆ!” ಎನ್ನುತ್ತಾರೆ.

ಕೊಡಗಿನಲ್ಲಿ ಬೆಳಿಗ್ಗೆ ಎದ್ದು ಮಳೆ ಅಳೆಯುವುದು ಮುಖ ತೊಳೆಯುವಷ್ಟೇ ಸಹಜವಾದ ಕೆಲಸ. ಅಂಗಳದಲ್ಲಿಟ್ಟ ಮಳೆ ಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಮತ್ತು ಸೆಂಟುಗಳ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆದು, ಆಮೇಲೆ ಪಕ್ಕದ ತೋಟದವರಿಗೆ ಫೋನು ಮಾಡಿ “ನಿಮ್ಮಲ್ಲಿ ಎಷ್ಟು?” ಎಂದು ಕೇಳುತ್ತೇವೆ. ಹವಾಮಾನದ ಸುದ್ದಿಯೆಲ್ಲ ಮಿಲಿಮೀಟರಿನಲ್ಲಿ ಬಂದರೂ ನಮ್ಮ ತೋಟಗಳಲ್ಲಿ ಇಂದಿಗೂ ನೂರು ಸೆಂಟಿಗೆ ಒಂದು ಇಂಚು. ನಮ್ಮ ಮಾವನವರ ಮಳೆ ಪುಸ್ತಕ 1974ರಿಂದ ಇದೆ. ನೋಡಿದವರೆಲ್ಲ “ಎಂಥ ಶಿಸ್ತು” ಎಂದು ಮೆಚ್ಚುತ್ತಾರೆ. ಅದೇ ಪುಸ್ತಕದ ಅಂಚಿನಲ್ಲಿ ನಾನು ‘ಇವತ್ತು ಸಿಪಿಲೆ ಬಂತು’ ಎಂದು ಒಂದು ಸಣ್ಣ ಹಕ್ಕಿಯ ಸುದ್ದಿ ಬರೆದರೆ ಅದೇ ಜನರಿಗೆ ನಾನು ಕೆಲಸವಿಲ್ಲದವಳಾಗಿ ಕಾಣುತ್ತೇನೆ. ಮಳೆ ದುಡ್ಡು ತರುತ್ತದೆ, ಸಿಪಿಲೆ ತರುವುದಿಲ್ಲ ಎಂಬುದಷ್ಟೇ ವ್ಯತ್ಯಾಸವಾದರೆ ಹಾಗೆಂದು ನೇರವಾಗಿ ಹೇಳಲಿ, ನಾನೂ ಒಪ್ಪುತ್ತೇನೆ. “ಬರೀ ಮಳೆ ಅಳೆದುಕೊಂಡು ಕೂತಿರುತ್ತೀರಂತೆ” ಎಂದು ಇಷ್ಟು ವರ್ಷಗಳಲ್ಲಿ ಯಾವ ಬೆಳೆಗಾರನನ್ನೂ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ನಾನು ಇದನ್ನು ಬರೆಯಲು ಕುಳಿತದ್ದಕ್ಕೆ ನೇರ ಕಾರಣ ನನ್ನ ಚಿಕ್ಕಮ್ಮನ ಮಗ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ಕಕ್ಕಡ ತಿಂಗಳು, ಮಳೆ ಹಿಡಿದರೆ ಬಿಡದ ಕಾಲ. ಹೋದ ವರ್ಷದ ಕಕ್ಕಡದಲ್ಲಿ ಅವನು ಎರಡು ದಿನಕ್ಕೆಂದು ಬೆಂಗಳೂರಿನಿಂದ ಬಂದು, ರಸ್ತೆಗೆ ಮರ ಬಿದ್ದದ್ದರಿಂದ ನಾಲ್ಕು ದಿನ ಉಳಿಯಬೇಕಾಯಿತು. ಮೊದಲ ದಿನವೇ ಕರೆಂಟು ಹೋಯಿತು, ಎರಡನೆಯ ದಿನ ಅವನ ಮೊಬೈಲು ಸತ್ತಿತು. ಮೂರನೆಯ ದಿನ ಬೆಳಗಿನ ಜಾವ, ಇನ್ನೂ ಕತ್ತಲು ಹರಿದಿರಲಿಲ್ಲ, ಹಿತ್ತಲ ಬಾಗಿಲ ಚಿಲಕ ತೆಗೆದ ಸದ್ದಾಯಿತು. ಎದ್ದು ಹೋಗಿ ನೋಡಿದರೆ ಅವನು ಕೈಯಲ್ಲಿ ಟಾರ್ಚು ಹಿಡಿದು, ಸುರಿಯುವ ಮಳೆಯ ಕಡೆಗೆ ಮುಖ ಮಾಡಿ, “ಯಾರೋ ಅದು? ಎದುರಿಗೆ ಬಾರೋ!” ಎಂದು ಗದರುತ್ತಿದ್ದ.

ತೋಡಿನ ಕಡೆಯಿಂದ ಶಿಳ್ಳೆ ಕೇಳುತ್ತಿತ್ತು. ಹಾಡಿನ ಮೊದಲ ಸಾಲು ಮಾತ್ರ ನೆನಪಿರುವ ಹುಡುಗ ಉಳಿದದ್ದನ್ನು ನೆನಪಿಸಿಕೊಳ್ಳಲು ಹೊರಟಂತೆ ಒಂದೆರಡು ಸ್ವರ ಮೇಲಕ್ಕೆ ಹೋಗಿ, ಅಲ್ಲಿಯೇ ನಿಂತು, ಸ್ವಲ್ಪ ಹೊತ್ತು ಸುಮ್ಮನಾಗಿ, ಮತ್ತೆ ಬೇರೆ ದಾರಿಯಿಂದ ಕೆಳಗಿಳಿಯುವ ಶಿಳ್ಳೆ. ಅತ್ತೆ ಮಲಗಿದ್ದಲ್ಲಿಂದಲೇ, “ಅದು ಶಿಳ್ಳೆ ಹಕ್ಕಿ ಕಣಪ್ಪಾ. ಬೈಬೇಡ, ಹೋಗಿಬಿಟ್ಟೀತು” ಎಂದರು. ಹಕ್ಕಿ ಬಲ್ಲವರು ಇದನ್ನು ಸರಳೆ ಸಿಳ್ಳಾರ ಎನ್ನುತ್ತಾರೆ. ಪಶ್ಚಿಮ ಘಟ್ಟದ ತೊರೆಗಳ ಬದಿಯಲ್ಲಿ, ಕಲ್ಲಿನ ಸಂದುಗಳಲ್ಲಿ ಗೂಡು ಕಟ್ಟಿಕೊಂಡು ಬಾಳುವ ಈ ಹಕ್ಕಿಗೆ ಇಂಗ್ಲಿಷಿನವರು ಶಿಳ್ಳೆ ಹಾಕುವ ಶಾಲಾ ಹುಡುಗ ಎಂದೇ ಹೆಸರಿಟ್ಟಿದ್ದರು. ಹೀಗಾಗಿ ನನ್ನ ತಮ್ಮ ಮೋಸ ಹೋದದ್ದರಲ್ಲಿ ತಪ್ಪೇನೂ ಇಲ್ಲ.

ಅವನು ಟಾರ್ಚು ಆರಿಸಿದ. ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ನಾನು ತಂದುಕೊಟ್ಟ ಬೆಲ್ಲದ ಕಾಫಿ ಅವನ ಕೈಯಲ್ಲೇ ತಣ್ಣಗಾಯಿತು. ಬೆಳಕು ಹರಿದ ಮೇಲೆ ಹಕ್ಕಿ ಹಿತ್ತಲ ಕಲ್ಲುಕಟ್ಟೆಗೆ ಇಳಿಯಿತು. ದೂರದಿಂದ ಅದು ಇದ್ದಲಿನಷ್ಟು ಕಪ್ಪು. ತಲೆ ತಿರುಗಿಸಿದಾಗ ಹಣೆಯ ಮೇಲೊಂದು ನೀಲಿ ಪಟ್ಟಿ, ರೆಕ್ಕೆ ಅಲುಗಿದಾಗ ಹೆಗಲ ಮೇಲೆ ಅದೇ ನೀಲಿ, ಒಂದು ಕ್ಷಣ ಮಿಂಚಿ ಮತ್ತೆ ಕಪ್ಪಿನೊಳಗೆ ಸೇರಿಹೋಯಿತು. ಕಟ್ಟೆಯ ಸಂದಿನಿಂದ ಒಂದು ಹುಳವನ್ನು ಎಳೆದು ನುಂಗಿ ಅದು ತೋಡಿನ ಕಡೆಗೆ ಹಾರಿದಾಗ ಅವನು ಒಳಗೆ ಬಂದು, ಬಚ್ಚಲ ಒಲೆಯ ಮುಂದೆ ಕುಳಿತು, ಕಾಲು ಕಾಯಿಸಿಕೊಳ್ಳುತ್ತ, “ಎಲ್ಲ ಸರಿ ಅಕ್ಕಾ, ಆದರೆ ನಿಜ ಹೇಳು, ಇಲ್ಲಿ ಹೊತ್ತು ಹೇಗೆ ಕಳೀತೀಯ?” ಎಂದ.

ನನಗೆ ಸಿಟ್ಟು ಬಂತು. “ಇಷ್ಟು ಹೊತ್ತು ನೀನು ಬಾಗಿಲಲ್ಲಿ ಏನು ಮಾಡುತ್ತಿದ್ದೆ?” ಎಂದು ಕೇಳಿದೆ. ಮುಕ್ಕಾಲು ಗಂಟೆ ನಿಂತಿದ್ದವನು ಪ್ರಾಮಾಣಿಕವಾಗಿಯೇ ಯೋಚಿಸಿ, “ಏನೂ ಇಲ್ಲ, ಸುಮ್ಮನೆ ನಿಂತಿದ್ದೆ” ಎಂದ. ಅವನು ಒಳ್ಳೆಯವನು, ಅವನ ಮೇಲೆ ನನಗೆ ಕೋಪ ಉಳಿದಿಲ್ಲ. ಆದರೆ ಅಷ್ಟು ಮೈಮರೆತು ನಿಂತದ್ದನ್ನು ಅವನು ತನ್ನ ಲೆಕ್ಕಕ್ಕೇ ಸೇರಿಸಿಕೊಳ್ಳಲಿಲ್ಲವಲ್ಲ, ಅದು ಮಾತ್ರ ನನ್ನನ್ನು ಇನ್ನೂ ಕಾಡುತ್ತದೆ.

ಆ ನಾಲ್ಕು ದಿನಗಳಲ್ಲಿ ಮನೆಯಲ್ಲಿ ಏನೇನು ನಡೆಯಿತು ಎಂಬುದನ್ನೂ ಹೇಳುತ್ತೇನೆ. ಕಣಿಲೆ ಬಂದಿತ್ತು. ಎಳೆ ಬಿದಿರಿನ ಮೊಳಕೆಯ ಸುತ್ತಲಿನ ಗಟ್ಟಿ ಹೊದಿಕೆಯನ್ನು ಪದರ ಪದರವಾಗಿ ಬಿಡಿಸುತ್ತ ಹೋದರೆ ಒಳಗೆ ದಂತದ ಬಣ್ಣದ ತಿರುಳು ಸಿಗುತ್ತದೆ. ಅದನ್ನು ತೆಳ್ಳಗೆ ಹೆಚ್ಚಿ, ಮೂರು ದಿನ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಾಯಿಸಬೇಕು. ಒಳಗಿನ ನಂಜು ಹೋಗದೆ ಅದನ್ನು ತಿನ್ನುವಂತಿಲ್ಲ. ನೀರು ಬದಲಾಯಿಸುವಾಗ ಏಳುವ ಹುಳಿವಾಸನೆಗೆ ನನ್ನ ತಮ್ಮ ಮೂಗು ಮುಚ್ಚಿಕೊಂಡ, ನಾಲ್ಕನೆಯ ದಿನ ಅದರ ಪಲ್ಯಕ್ಕೆ ಮೂರು ಅಕ್ಕಿ ರೊಟ್ಟಿ ತಿಂದ. ಆಗಸ್ಟ್ 3ರಂದು, ಕಕ್ಕಡದ ಹದಿನೆಂಟನೆಯ ದಿನ, ಮದ್ದುಸೊಪ್ಪು ಬೇಯಿಸಿ ಅದರ ನೇರಳೆ ನೀರಿನಲ್ಲಿ ಪಾಯಸ ಮಾಡಿದೆವು. ಸಂಜೆ ಒಲೆಯ ಕೆಂಡದಲ್ಲಿ ಹಲಸಿನ ಬೀಜ ಸುಟ್ಟೆವು. ಗೊಬ್ಬರದ ಗುಂಡಿಯ ಹತ್ತಿರ ಮೇಯಲು ಬರುವ ಕಾಡುಕೋಳಿಯ ಹುಂಜ ಮಳೆಗಾಲದಲ್ಲಿ ಕೊರಳ ಚುಕ್ಕೆಗರಿಗಳನ್ನೆಲ್ಲ ಉದುರಿಸಿಕೊಂಡು ಗುರುತು ಸಿಗದಷ್ಟು ಬಡವಾಗಿರುತ್ತದೆ. ಅಕ್ಟೋಬರಿನ ಹೊತ್ತಿಗೆ ಅದಕ್ಕೆ ಹೊಸ ಗರಿ ಬರುತ್ತದೆ ಎಂದು ಅವನಿಗೆ ತೋರಿಸಿ ಹೇಳಿದೆ. ಅವನು ಹೊರಡುವಾಗ, ಗರಿ ಬಂದರೆ ಫೋಟೋ ಕಳುಹಿಸು ಎಂದ. ಕಳುಹಿಸಿದ್ದೇನೆ.

ನನಗೆ ವರ್ಷದಲ್ಲಿ ಅತ್ಯಂತ ಪ್ರಿಯವಾದ ವಾರ ಸೆಪ್ಟೆಂಬರಿನ ಎರಡನೆಯದು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಮುಗಿದಿರುತ್ತದೆ, ಮಳೆ ಬಿಟ್ಟು ಬಿಟ್ಟು ಬರತೊಡಗಿರುತ್ತದೆ, ಕಾಫಿ ಒಣಗಿಸುವ ಕಣದ ಸಿಮೆಂಟಿನ ಮೇಲೆ ಪಾಚಿ ಹಸಿರಾಗಿ ಹರಡಿರುತ್ತದೆ. ಒಂದು ಬೆಳಿಗ್ಗೆ ಆ ಪಾಚಿಯ ಮೇಲೆ, ಹೊಟ್ಟೆಯೆಲ್ಲ ಹಳದಿಯಾದ, ಬೆನ್ನು ಬೂದುಬಣ್ಣದ ಸಣ್ಣ ಹಕ್ಕಿಯೊಂದು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಓಡಾಡುವುದು ಕಾಣುತ್ತದೆ. ಅದು ಬೂದು ಸಿಪಿಲೆ. ನಾಲ್ಕು ಹೆಜ್ಜೆ ಓಡುತ್ತದೆ, ನಿಲ್ಲುತ್ತದೆ, ಬಾಲ ಆಡಿಸುತ್ತದೆ, ನೆಲದಿಂದ ಏಳುವ ಹುಳವನ್ನು ಗಾಳಿಯಲ್ಲೇ ಹಿಡಿದು ಮತ್ತೆ ನಾಲ್ಕು ಹೆಜ್ಜೆ ಓಡುತ್ತದೆ. ಕಾಲು ನಿಂತರೂ ಬಾಲ ನಿಲ್ಲುವುದಿಲ್ಲ. ಇಡೀ ಹಕ್ಕಿಯ ತೂಕ ಸುಮಾರು 18 ಗ್ರಾಂ, ಒಂದು ಹಿಡಿ ಕಾಫಿ ಹಣ್ಣಿಗಿಂತ ಕಡಿಮೆ. ಹಿಮಾಲಯದಲ್ಲಿ ಮತ್ತು ಅದರಾಚೆಯ ಉತ್ತರದ ನಾಡುಗಳಲ್ಲಿ ಮರಿ ಮಾಡಿ, ಚಳಿಗೆ ಮುಂಚೆ ಹೊರಟು, ಇಷ್ಟು ಹಗುರಾದ ಜೀವ ನಮ್ಮ ಕಣದವರೆಗೆ ಬಂದು ಇಳಿಯುತ್ತದೆ. ಮಳೆ ಪುಸ್ತಕದ ಅಂಚು ನೋಡಿ ಹೇಳುತ್ತೇನೆ: 2021ರಲ್ಲಿ ಸೆಪ್ಟೆಂಬರ್ 11, 2022ರಲ್ಲಿ 8, 2023ರಲ್ಲಿ 13, 2024ರಲ್ಲಿ 10. ಅಷ್ಟು ನಿಷ್ಠೆಯಿಂದ ನಮ್ಮ ಮನೆಗೆ ಬರುವ ನೆಂಟರು ಬೇರೆ ಯಾರೂ ಇಲ್ಲ. ಸಿಪಿಲೆ ಬಂತು ಎಂದು ನಾನು ಹೇಳಿದರೆ ಅತ್ತೆ, “ಹಾಗಾದರೆ ಇನ್ನು ಕಂಬಳಿ ಹೊರಗೆ ಹಾಕಬಹುದು” ಎನ್ನುತ್ತಾರೆ. ಮೂರು ತಿಂಗಳು ಹೊಗೆಯ ವಾಸನೆ ಕುಡಿದ ಕಂಬಳಿಗಳು ಬಿಸಿಲು ಕಾಣುತ್ತವೆ. ಆ ರಾತ್ರಿ ಬಿಸಿಲಿನ ಕಂಬಳಿ ಹೊದ್ದು ಮಲಗುವ ಸುಖವನ್ನು ಯಾರಿಗಾದರೂ ವಿವರಿಸಬೇಕೆಂದರೆ ಅವರು ಮೊದಲು ಒಂದು ಪೂರ್ತಿ ಮಳೆಗಾಲವನ್ನು ನಮ್ಮ ಜೊತೆ ಇದ್ದು ನೋಡಬೇಕು.

ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಆಸುಪಾಸಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು. ಆಗ ಈ ಪ್ರಶ್ನೆ ಕೇಳುವವರಿಗೂ ಪುರುಸೊತ್ತಿಲ್ಲ, ಉತ್ತರಿಸಲು ನನಗೂ ಇಲ್ಲ. ಆದರೂ ಜನವರಿ ಕಳೆಯುವಾಗ ಅಡುಗೆ ಮನೆಯ ಕಿಟಕಿಗೆ ನೇರವಾಗಿರುವ ಹಾಲವಾಣದ ಮರ ಎಲೆಯೆಲ್ಲ ಉದುರಿಸಿ ಕೆಂಪು ಹೂವಾಗಿ ನಿಲ್ಲುತ್ತದೆ. ನೆರಳಿಗೆಂದು, ಮೆಣಸಿನ ಬಳ್ಳಿಗೆ ಆಸರೆಯೆಂದು ಹಿಂದಿನವರು ನೆಟ್ಟ ಮರ. ಪಿಕಳಾರ, ಗೊರವಂಕ, ಸೂರಕ್ಕಿ, ಕಾಜಾಣ ಎಲ್ಲವೂ ಒಂದೇ ಸಲ ಬಂದು ಜೇನಿಗೆ ಜಗಳವಾಡುತ್ತವೆ. ಬಾಲಕ್ಕೆ ಎರಡು ಉದ್ದ ತಂತಿಗಳನ್ನೂ ಅವುಗಳ ತುದಿಯಲ್ಲಿ ಗರಿಗಳನ್ನೂ ಕಟ್ಟಿಕೊಂಡಂತಿರುವ ಭೀಮರಾಜ ಬೇರೆ ಹಕ್ಕಿಗಳ ದನಿಯನ್ನೆಲ್ಲ ಕದ್ದು ಕೂಗುವುದರಿಂದ, ದೋಸೆ ಹುಯ್ಯುತ್ತ ಕಿವಿಯಲ್ಲೇ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿಗಳನ್ನು ಎಣಿಸುವ ಕಾರ್ಯಕ್ರಮವೊಂದಿದೆ. 1998ರಲ್ಲಿ ಉತ್ತರ ಅಮೆರಿಕದಲ್ಲಿ ಆರಂಭವಾಗಿ, 2013ರಿಂದ ನಮ್ಮ ದೇಶವೂ ಸೇರಿದಂತೆ ಜಗತ್ತಿಗೆಲ್ಲ ತೆರೆದುಕೊಂಡಿತು. ಕನಿಷ್ಠ ಹದಿನೈದು ನಿಮಿಷ ಒಂದು ಕಡೆ ಕುಳಿತು ಕಂಡ, ಕೇಳಿದ ಹಕ್ಕಿಗಳನ್ನು ಬರೆದು ಕಳುಹಿಸಬೇಕು. ನಾನು ಅಡುಗೆ ಮನೆಯ ಕಿಟಕಿಯಿಂದಲೇ ಕಳುಹಿಸುತ್ತೇನೆ. ಮಾರ್ಚಿಗೆ ಕಾಫಿಯ ಹೂ ಅರಳಿಸುವ ಹೂಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ಇಡೀ ಇಳಿಜಾರು ಬೆಳ್ಳಗಾಗುತ್ತದೆ. ಆ ಮೂರ್ನಾಲ್ಕು ದಿನ ಮಲ್ಲಿಗೆಯಂಥ ಆ ಪರಿಮಳಕ್ಕೆ ನಾವು ಕಿಟಕಿ ಮುಚ್ಚುವುದಿಲ್ಲ.

ಇಷ್ಟಾದರೂ ನನಗೆ ಬೇಕಾದ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ‘ಈ ವರ್ಷ ಯಾರು ಬರಲಿಲ್ಲ?’ ಎಂದು ಕೇಳಬೇಕಾಗಿತ್ತು. ಕೇಳಿದ್ದರೆ ಉತ್ತರ ಹೇಳಲು ನನಗೆ ಕಷ್ಟವಾಗುತ್ತಿತ್ತು, ಆದರೂ ಹೇಳುತ್ತಿದ್ದೆ.

ಕುಟ್ರು ಹಕ್ಕಿ ಬರಲಿಲ್ಲ. ಅಡುಗೆ ಮನೆಯ ಹಿಂದೆ ಒಣಗಿ ನಿಂತಿದ್ದ ಇನ್ನೊಂದು ಹಾಲವಾಣದ ಬೊಡ್ಡೆಯಲ್ಲಿ, ಸಣ್ಣ ಲೋಟದ ಬಾಯಿಯಷ್ಟು ದುಂಡನೆಯ ತೂತು ಕೊರೆದು, ಕುಟ್ರು ಜೋಡಿಯೊಂದು ವರ್ಷ ವರ್ಷವೂ ಮರಿ ಮಾಡುತ್ತಿತ್ತು. ಮೈ ಹಸಿರು, ಕೆನ್ನೆ ಬಿಳಿ. ‘ಕುಟ್ರೂ ಕುಟ್ರೂ’ ಎಂದು ಒಂದು ಕೂಗತೊಡಗಿದರೆ ಆಚೆಯ ತೋಟದಿಂದ ಇನ್ನೊಂದು ಉತ್ತರ ಕೊಡುತ್ತಿತ್ತು. 2022ರ ಏಪ್ರಿಲ್‌ನಲ್ಲಿ ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರಲು, ಆಳುಗಳು ಬಂದಾಗ, ಮಳೆಗಾಲದಲ್ಲಿ ಅದು ಹೆಂಚಿನ ಮೇಲೆ ಬೀಳಬಹುದೆಂದು ನಾನೇ ಹೇಳಿ ಕಡಿಸಿದೆ. ಮರಿಗಳು ಹಾರಿ ಹೋಗಿರಬಹುದು ಎಂದುಕೊಂಡೆ. ಬೊಡ್ಡೆಯ ಕೆಳಗೆ ಹತ್ತು ನಿಮಿಷ ನಿಂತಿದ್ದರೆ ತಿಳಿಯುತ್ತಿತ್ತು, ನಿಲ್ಲಲಿಲ್ಲ. ಬಿದ್ದ ಮರವನ್ನು ಸೀಳುವಾಗ ತೂತಿನೊಳಗೆ ಬಿಳಿಯ ಮೊಟ್ಟೆಗಳ ಒಡೆದ ಚೂರುಗಳಿದ್ದವು.

ಕುಟ್ರು ಬಿಟ್ಟುಹೋದ ಹಳೆಯ ತೂತೊಂದು ಅದೇ ಬೊಡ್ಡೆಯ ಮೇಲ್ಭಾಗದಲ್ಲಿತ್ತು. ಮಡಿವಾಳ ಹಕ್ಕಿಯ ಗೂಡು ಅಲ್ಲಿತ್ತು. ಮುಂದಿನ ಬೇಸಿಗೆಯಲ್ಲಿ, ನೀರಿನ ಟ್ಯಾಂಕಿಯ ಮೇಲೆ ಕುಳಿತು ನಸುಕಿಗೆ ಹಾಡುತ್ತಿದ್ದ ಗಂಡು ಮಡಿವಾಳವೂ ಕಾಣಿಸಲಿಲ್ಲ. ಒಂದು ಒಣ ಮರದ ಜೊತೆಗೆ ಬೆಳಗಿನ ಎರಡು ದನಿಗಳು ಹೋದವು. ಸುತ್ತಲಿನ ತೋಟಗಳಲ್ಲಿಯೂ ಅತ್ತಿ, ಬಸರಿ, ಹಾಲವಾಣಗಳು ಇಳಿದು ಅವುಗಳ ಜಾಗಕ್ಕೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಏರುತ್ತಿದೆ. ಅದು ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಮಾರಲು ಬರುತ್ತದೆ. ಕುಟ್ರುವಿಗೆ ತಿನ್ನಲು ಅದರಲ್ಲಿ ಒಂದು ಹಣ್ಣೂ ಇಲ್ಲ.

ಈ ವರ್ಷದ ಮರಗಸಿಯಲ್ಲಿ ಬಾವಿಯ ಪಕ್ಕದ ಅತ್ತಿ ಮರದ ಒಣಗಿದ ಕೊಂಬೆಗೆ ಕತ್ತಿ ಹಾಕಲು ಹೊರಟ ಆಳು, “ಇದನ್ನೂ ಇಳಿಸುವುದಲ್ವಾ ಅಮ್ಮಾ?” ಎಂದು ಮೇಲಿನಿಂದ ಕೇಳಿದ. ಬೇಡವೆಂದೆ. ಬಿದ್ದರೆ ಬಾವಿಯ ಕಟ್ಟೆಯ ಮೇಲೆ ಬೀಳುತ್ತದೆ ಎಂದು ಅವನು ಎಚ್ಚರಿಸಿದ. ಕಟ್ಟೆ ಒಡೆದರೆ ಕಟ್ಟಿಸುತ್ತೇನೆ ಎಂದೆ. ಮರಕುಟಿಗವೊಂದು ಬಂದು ಎರಡು ಕಡೆ ಕುಟ್ಟಿ ನೋಡಿ ಹೋಗಿದೆ. ಕುಟ್ರುವಿನ ಕೂಗು ಗದ್ದೆಯ ಆಚೆ ದಡದಿಂದ ಬೆಳಿಗ್ಗೆ ಏಳಕ್ಕೆಲ್ಲ ಕೇಳಿಸುತ್ತದೆ. ತೋಡು ದಾಟಿ ಈ ಬದಿಗೆ ಇನ್ನೂ ಬಂದಿಲ್ಲ.